ಓದುಗರ ಪ್ರಶ್ನೆ: ಕಚೇರಿಯಲ್ಲಿ ಲಿಪಿಕಾರರು ಇರುವುದಿಲ್ಲ

ಪ್ರಶ್ನೆ: ನನ್ನ ಮಗಳಿಗೆ ಎಳವೆಯಿಂದಲೇ ಎರಡೂ ಕಣ್ಣು ಕಾಣುವುದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಾಳೆ. ಗೆಳತಿಯರು ಪಾಠ ಓದಿ ಹೇಳುತ್ತಾರೆ, ಪರೀಕ್ಷೆಯನ್ನು, ಅವಳು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವಿನಿಂದ ಬರೆದು ಇದುವರೆಗೆ ಪ್ರಥಮ ದರ್ಜೆಯಲ್ಲೇ ತೇರ್ಗಡೆಯಾಗಿದ್ದಾಳೆ. ಕಾಲೇಜಿಗೆ ದಿನವೂ ನಾನೇ ಬೈಕಿನಲ್ಲಿ ಬಿಟ್ಟು ಬರುತ್ತೇನೆ. ಪದವಿಯ ನಂತರ ಬ್ಯಾಂಕ್ ಪರೀಕ್ಷೆ ಬರೆಸಬೇಕೆಂಬುದು ನನ್ನ ಆಸೆ, ನೆಂಟರು ಬಿ.ಎಡ್. ಮಾಡಿಸಿ ಎನ್ನುತ್ತಾರೆ. ಯಾವುದು ಸರಿ?
– ಒಬ್ಬ ತಂದೆ, ಹಾವೇರಿ ಜಿಲ್ಲೆ

ಉತ್ತರ: ಎರಡೂ ಸರಿಯೇ. ಅಂಧರು ಬ್ಯಾಂಕುಗಳಲ್ಲಿಯೂ ಶಾಲೆಗಳಲ್ಲಿಯೂ ವರ್ಷಗಳಿಂದ ದುಡಿಯುತ್ತಿದ್ದಾರೆ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಎದ್ದು ಕಂಡದ್ದು ಬೇರೆಯೇ ಒಂದು ಸಂಗತಿ. ಅದರಲ್ಲಿ ಗೆಳತಿಯರಿದ್ದಾರೆ, ಲಿಪಿಕಾರರಿದ್ದಾರೆ, ನೀವಿದ್ದೀರಿ. ಕಂಪ್ಯೂಟರ್ ಎಂಬ ಪದ ಮಾತ್ರ ಎಲ್ಲಿಯೂ ಇಲ್ಲ. ಬೇರೆಯವರ ಕಣ್ಣು ಮತ್ತು ಬೇರೆಯವರ ಕೈಯನ್ನು ನೆಚ್ಚಿಕೊಂಡು ಪದವಿಯನ್ನು ಚೆನ್ನಾಗಿಯೇ ಮುಗಿಸಬಹುದು, ನಮ್ಮ ಕಾಲೇಜುಗಳ ವ್ಯವಸ್ಥೆ ಇರುವುದೇ ಹಾಗೆ. ಪರೀಕ್ಷೆಯ ಕೊಠಡಿಗೆ ಬರುವ ಲಿಪಿಕಾರರು ಕಚೇರಿಯ ಮೇಜಿನವರೆಗೆ ಬರುವುದಿಲ್ಲ. ಆದ್ದರಿಂದ ನಿಮ್ಮ ಮಗಳು ಒಂದು ಪುಟದ ಪತ್ರವನ್ನು ಯಾರ ನೆರವೂ ಇಲ್ಲದೆ ತಾನೇ ಟೈಪ್ ಮಾಡಿ, ತಾನೇ ತಿದ್ದಿ, ತಾನೇ ಇಮೇಲ್ ಮಾಡಬಲ್ಲಳೇ ಎಂಬುದನ್ನು ಮೊದಲು ಕೇಳಿಕೊಳ್ಳಿ. ಇಲ್ಲವೆಂದಾದರೆ, ಉಳಿದಿರುವ ಒಂದೂವರೆ ವರ್ಷವನ್ನು ಅದಕ್ಕೇ ಮೀಸಲಿಡಿ.

ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಸಾಧಾರಣ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಪರದೆಯ ಮೇಲಿನ ಇಂಗ್ಲಿಷನ್ನೂ ಕನ್ನಡವನ್ನೂ ಓದಿ ಹೇಳುತ್ತದೆ. ಅದರ ಕನ್ನಡ ಧ್ವನಿ ಮೊದಲಿಗೆ ಯಂತ್ರ ಗೊಣಗಿದಂತೆ ಕೇಳಿಸುವುದರಿಂದ ಅನೇಕರು ವಾರದಲ್ಲೇ ಕೈಬಿಡುತ್ತಾರೆ. ಕಿವಿ ಪಳಗುವವರೆಗೆ ಬಿಡದೆ ಕೂರಿಸುವ ಕೆಲಸ ನಿಮ್ಮದು. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ವರ್ಡ್, ಎಕ್ಸೆಲ್ ಮತ್ತು ಇಮೇಲ್ ಬಳಸುವುದನ್ನು ಆಕೆ ಕಲಿಯಬೇಕು. ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತಿದ್ದರೆ ಅರ್ಧ ದಾರಿ ಆಗಲೇ ಸಾಗಿದಂತೆ. ಬೆಂಗಳೂರಿನ ಸಮರ್ಥನಂ, ಎನೇಬಲ್ ಇಂಡಿಯಾದಂತಹ ಸಂಸ್ಥೆಗಳು ವಿಕಲಚೇತನರಿಗೆ ಉದ್ಯೋಗ ತರಬೇತಿ ನೀಡುತ್ತವೆ. ರಜೆಯಲ್ಲಿ ಅಲ್ಲಿಗೆ ಕಳುಹಿಸುವ ಸಾಧ್ಯತೆಯನ್ನು ಈಗಲೇ ವಿಚಾರಿಸಿಡಿ.

ಒಂದು ತೊಡಕನ್ನು ಮುಂಚೆಯೇ ಹೇಳಿಬಿಡುತ್ತೇನೆ, ಏಕೆಂದರೆ ಇದು ಆಕೆಯ ತಪ್ಪೆಂದು ನೀವು ಭಾವಿಸಬಾರದು. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿರುವ ಕನ್ನಡವನ್ನು ಮಾತ್ರ ಸ್ಕ್ರೀನ್ ರೀಡರ್ ಕನ್ನಡವಾಗಿ ಓದುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ತೆರೆದರೆ, ನಮ್ಮ ಕಣ್ಣಿಗೆ ‘ಅರ್ಜಿ ಆಹ್ವಾನ’ ಎಂದು ಕಾಣುವ ಸಾಲು ಆಕೆಯ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಆಗಿ ಬೀಳುತ್ತದೆ. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಆದರೆ ಅದೂ ಇಲ್ಲ, ಪುಟ ಖಾಲಿಯಿದ್ದಂತೆ. ವಿಕಲಚೇತನರಿಗೆ ಹುದ್ದೆ ಮೀಸಲಿದೆ ಎಂದು ಸಾರುವ ಪ್ರಕಟಣೆಯೇ ಹೀಗೆ ಬಂದರೆ ಏನೆನ್ನೋಣ! ಅಂಥ ಕಡತವನ್ನು ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಹಾಯಿಸಿ ಓದುವುದನ್ನೂ ಆಕೆ ಕಲಿತಿರಲಿ.

ಇನ್ನು ಕಾಗದಪತ್ರಗಳ ವಿಚಾರ. ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಇಲ್ಲದಿದ್ದರೆ ಇಂದೇ ಅರ್ಜಿ ಹಾಕಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ, ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟು ಮೀಸಲಾತಿಯಿದ್ದು, ಅದರಲ್ಲಿ ಶೇ. 1ರಷ್ಟು ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ಸೇರುತ್ತದೆ. ಯಾವ ವೈಕಲ್ಯದವರಿಗೆ ಯಾವ ಹುದ್ದೆ ಸೂಕ್ತವೆಂಬ ಪಟ್ಟಿಯನ್ನು ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಪರಿಷ್ಕರಿಸಿ ಹೊರಡಿಸಿದೆ. ಅರ್ಜಿ ಹಾಕುವ ಮುನ್ನ ಅಧಿಸೂಚನೆಯಲ್ಲಿ ಆ ಹುದ್ದೆಯ ಮುಂದೆ ಅಂಧರ ವರ್ಗದ ಉಲ್ಲೇಖವಿದೆಯೇ ಎಂದು ನೋಡುವುದನ್ನು ಮರೆಯಬೇಡಿ. ಬ್ಯಾಂಕ್ ಪರೀಕ್ಷೆಗೂ ಲಿಪಿಕಾರರು ಸಿಗುತ್ತಾರೆ, ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯವೂ ಸಿಗುತ್ತದೆ. ಆಯ್ಕೆಯಾದ ಮರುದಿನದಿಂದ ಏನು ಎಂಬುದಷ್ಟೇ ನನ್ನ ಚಿಂತೆ.

ಕೊನೆಗೆ ಆ ಬೈಕಿನ ಮಾತು. ಆಕೆಗೆ ನೌಕರಿ ಕಲಬುರಗಿಯಲ್ಲಿ ಸಿಕ್ಕರೆ ನೀವು ಅಲ್ಲಿಗೂ ಹೋಗಿ ಬಿಡುತ್ತೀರಾ? ಬಿಳಿ ಕೋಲು ಹಿಡಿದು ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ ವಾರಕ್ಕೆ ಎರಡು ದಿನ ಒಬ್ಬಳೇ ನಡೆಯಲಿ. ಮೊದಲ ಕೆಲವು ದಿನ ನೀವು ಹತ್ತು ಹೆಜ್ಜೆ ಹಿಂದೆ ಬರಬಹುದು, ಆದರೆ ಮಾತಾಡಿಸಬೇಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ, ಇನ್ನೊಂದಕ್ಕೆ ಶ್ರವಣ ಸಾಧನ ಹಾಕಿಕೊಂಡಿದ್ದೇನೆ. ಕ್ಯಾಂಪಸ್ ಆಯ್ಕೆಯ ವೇಳೆ ಒಂದು ಕಂಪನಿಯವರು ಫೋನಿನಲ್ಲೇ ಸಂದರ್ಶನ ಮಾಡಿದರು. ಮೂರು ಸಲ ‘ಮತ್ತೊಮ್ಮೆ ಹೇಳಿ ಸರ್’ ಎಂದೆ. ನಾಲ್ಕನೆಯ ಸಲ ಕೇಳಲು ಸಂಕೋಚವಾಗಿ ತೋಚಿದ್ದನ್ನು ಉತ್ತರಿಸಿದೆ. ಆಯ್ಕೆಯಾಗಲಿಲ್ಲ. ಮುಂಚೆಯೇ ಹೇಳಿದ್ದರೆ ಕರೆಯುತ್ತಲೇ ಇರಲಿಲ್ಲವೇನೋ ಎಂಬ ಅಳುಕು. ಹೇಳಬೇಕೇ, ಬೇಡವೇ?
– ಒಬ್ಬ ವಿದ್ಯಾರ್ಥಿ, ತುಮಕೂರು

ಉತ್ತರ: ನಿಮ್ಮ ಅಳುಕಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಹೇಳಿದ ಮೇಲೆ ಮುಖ ತಿರುಗಿಸುವ ಕಂಪನಿಗಳೂ ಉಂಟು. ಆದರೆ ಹೇಳದಿದ್ದಾಗ ನಡೆದದ್ದನ್ನು ನೀವೇ ಬರೆದಿದ್ದೀರಿ: ಫೋನಿನ ಆ ತುದಿಯಲ್ಲಿದ್ದವರು ನಿಮಗೆ ಕೇಳಿಸಲಿಲ್ಲವೆಂದು ತಿಳಿಯಲಿಲ್ಲ, ಗೊತ್ತಿಲ್ಲವೆಂದು ತಿಳಿದರು. ಬಯೋಡೇಟಾದಲ್ಲಿ ಬರೆಯುವುದೂ ಬಿಡುವುದೂ ನಿಮ್ಮ ಇಷ್ಟ. ಆದರೆ ಆಯ್ಕೆಯ ವಿಧಾನವೇ ನಿಮ್ಮ ಕೊರತೆಗೆ ಎದುರಾಗಿ ನಿಲ್ಲುವಲ್ಲಿ ಮುಂಚಿತವಾಗಿ ಹೇಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಹೇಳುವಾಗ ರೋಗದ ಚರಿತ್ರೆ ಬೇಡ, ಬೇಕಾದದ್ದನ್ನಷ್ಟೇ ಬರೆಯಿರಿ. ‘ನನಗೆ ಶ್ರವಣದೋಷವಿದೆ. ಫೋನ್ ಕರೆಯ ಬದಲು ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡುವ (ಕ್ಯಾಪ್ಷನ್) ವಿಡಿಯೊ ಕರೆಯಲ್ಲಿ ಸಂದರ್ಶನ ನಡೆಸಿದರೆ ಪ್ರಶ್ನೆಗಳನ್ನು ತಪ್ಪಿಲ್ಲದೆ ಗ್ರಹಿಸಬಲ್ಲೆ’ ಎಂಬ ಎರಡು ಸಾಲಿನ ಇಮೇಲ್ ಸಾಕು. ಗೂಗಲ್ ಮೀಟ್ ಮತ್ತು ಟೀಮ್ಸ್ ಎರಡರಲ್ಲೂ ಈ ಸೌಲಭ್ಯವಿದೆ, ಅವರಿಗೆ ಖರ್ಚಿನ ಮಾತಿಲ್ಲ. ‘ದಯವಿಟ್ಟು ಸಹಕರಿಸಿ’ ಎಂದಷ್ಟೇ ಬರೆದರೆ ಓದುವವರಿಗೆ ಏನು ಮಾಡಬೇಕೆಂದು ತಿಳಿಯದೆ, ಸುಮ್ಮನಾಗಿಬಿಡುತ್ತಾರೆ.

ಖಾಸಗಿ ಕಂಪನಿಗಳಿಗೆ ಕಡ್ಡಾಯ ಮೀಸಲಾತಿಯಿಲ್ಲ. ಆದರೆ 2016ರ ಅಧಿನಿಯಮದಂತೆ ಅವು ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು, 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ವಿಕಲಚೇತನರ ನೇಮಕಾತಿಯನ್ನು ನೋಡಿಕೊಳ್ಳಲು ಸಂಪರ್ಕ ಅಧಿಕಾರಿಯೊಬ್ಬರನ್ನು ಗೊತ್ತುಮಾಡಬೇಕು. ಆ ನೀತಿಯನ್ನು ಕಂಪನಿಯ ಜಾಲತಾಣದಲ್ಲಿ ಹುಡುಕಿ, ಇಮೇಲನ್ನು ಆ ಅಧಿಕಾರಿಗೂ ಕಳುಹಿಸಿ. ನೀತಿಯೇ ಕಾಣದಿದ್ದರೆ ಅದೂ ನಿಮಗೊಂದು ಮಾಹಿತಿಯೇ.

ಪ್ರಶ್ನೆ: ಬರೆಯುವಾಗ ನನ್ನ ಬಲಗೈ ಬೆರಳುಗಳು ಸೆಟೆದುಕೊಳ್ಳುತ್ತವೆ. ವೈದ್ಯರು ವೈಕಲ್ಯ ಶೇ. 40ಕ್ಕಿಂತ ಕಡಿಮೆಯೆಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ನೇಮಕಾತಿ ಪರೀಕ್ಷೆಗೆ ಲಿಪಿಕಾರರು ಸಿಗುತ್ತಾರೆಯೇ?
– ಒಬ್ಬ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸಿಗಬೇಕು. ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಲಿಪಿಕಾರರ ನೆರವಿಗೆ ಶೇ. 40ರ ಮಿತಿ ಹಾಕುವಂತಿಲ್ಲವೆಂದು ತೀರ್ಪು ನೀಡಿತು; ಅವರಿಗಿದ್ದದ್ದೂ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯೇ. 2022ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ಮಾರ್ಗಸೂಚಿ ಹೊರಡಿಸಿತು. ಬರೆಯಲು ತೊಡಕಿದೆಯೆಂಬ ವೈದ್ಯಕೀಯ ಪ್ರಮಾಣಪತ್ರವನ್ನು ಪರೀಕ್ಷೆಯ ಅಧಿಸೂಚನೆಯಲ್ಲಿ ಹೇಳಿದ ನಮೂನೆಯಲ್ಲಿಯೇ ಪಡೆಯಿರಿ. ಹುದ್ದೆಯ ಮೀಸಲಾತಿ ಮಾತ್ರ ನಿಮಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಪ್ಲೇಸ್‌ಮೆಂಟ್ ಅಧಿಕಾರಿ. ನಮ್ಮ ವಿಕಲಚೇತನ ವಿದ್ಯಾರ್ಥಿಗಳು ಸಂದರ್ಶನಗಳಿಗೆ ಹೆಸರನ್ನೇ ಕೊಡುವುದಿಲ್ಲ. ಆಸಕ್ತಿಯಿಲ್ಲವೆಂದು ಭಾವಿಸಬೇಕೇ?
– ಒಬ್ಬ ಉಪನ್ಯಾಸಕರು, ಮೈಸೂರು

ಉತ್ತರ: ಹಾಗೆ ಭಾವಿಸುವ ಮುನ್ನ, ಸಂದರ್ಶನ ನಡೆಯುವ ಕೊಠಡಿ ಎಷ್ಟನೆಯ ಮಹಡಿಯಲ್ಲಿದೆ ಎಂದು ನೋಡಿ ಬನ್ನಿ. ಆನ್‌ಲೈನ್ ಅಭಿರುಚಿ ಪರೀಕ್ಷೆಯ ಪುಟವನ್ನು ಮೌಸ್ ಕಿತ್ತಿಟ್ಟು ಕೀಲಿಮಣೆಯಿಂದಲೇ ತುಂಬಲು ನೀವೇ ಒಮ್ಮೆ ಯತ್ನಿಸಿ. ಆಮೇಲೆ ಆ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿ. ಎರಡನೇ ವರ್ಷದಲ್ಲೇ ಕೇಳಿ; ಕೊನೆಯ ಸೆಮಿಸ್ಟರಿನಲ್ಲಿ ಕೇಳಿದರೆ, ಅವರು ಹೇಳಿದ್ದನ್ನು ಸರಿಪಡಿಸಲು ನಿಮಗೂ ಸಮಯವಿರುವುದಿಲ್ಲ.