ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಾಗ ಹೊಸಬರು ಯಾವ ಸ್ಕಿಲ್ ಮೊದಲ ಬೆಳೆಸಬೇಕು?

ನಿಮ್ಮ ಪ್ರಶ್ನೆ ಓದಿದೆ. ಆಳಂದದಿಂದ ಕಲಬುರಗಿಗೆ ಕಾಲೇಜಿಗೆ ಬಸ್ಸಿನಾಗ ಓಡಾಡ್ತೀರಿ, ಹೋಗೂಮುಂದ ಬರೂಮುಂದ ಮೊಬೈಲ್‌ನಾಗ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೂ ಆನ್‌ಲೈನ್ ಆಟ ಆಡ್ತೀರಿ, ಮೆಂಬರ್‌ಶಿಪ್‌ಗೆ ರೊಕ್ಕ ಕಟ್ಟಿಲ್ಲ. ಗೆಳೆಯರೊಬ್ಬರು "ಮೊದಲ ವುಡ್‌ಕಟಿಂಗ್ 99 ಮಾಡಿ ಮುಗಿಸು, ಉಳಿದದ್ದು ಆಮ್ಯಾಲ ನೋಡಿದ್ರಾತು" ಅಂದಾರ, ಅಂದ್ರ ಗಿಡ ಕಡಿಯೂ ಸ್ಕಿಲ್ ಅನ್ನ ಕೊನೀ ಲೆವೆಲ್‌ಗೆ ಒಯ್ಯೂದು. ಅದು ಬರೋಬ್ಬರಿ ಏನು ಅಂತ ಕೇಳೀರಿ. ಅಲ್ಲ. ಯಾಕ ಅಂತ ಲೆಕ್ಕದಾಗೇ ನೋಡ್ರಿ.

ಈ ಆಟದಾಗ ಸುಮಾರು ಏಳು ಲೆವೆಲ್‌ಗೊಮ್ಮೆ ಬೇಕಾಗೂ ಎಕ್ಸ್‌ಪಿ (ಅನುಭವದ ಅಂಕ) ಎರಡು ಪಟ್ಟು ಆಗ್ತದ. ಲೆವೆಲ್ 30ಕ್ಕ 13,363, 40ಕ್ಕ 37,224, 60ಕ್ಕ 2,73,742, 99ಕ್ಕ 1,30,34,431. 92 ಮುಟ್ಟಿದಾಗ ಅರ್ಧ ದಾರಿ ಬಂದಂಗ, ಅಷ್ಟೇ. ಪುಕ್ಕಟೆ ಆಡೋರಿಗೆ ಸಿಗೂ ಸ್ಕಿಲ್ 15. ಹದಿನೈದನ್ನೂ 40ಕ್ಕ ಒಯ್ದರೂ ಒಟ್ಟು 5,58,360 ಎಕ್ಸ್‌ಪಿ ಆಗ್ತದ. ಒಂದೇ ಒಂದು 99ಕ್ಕ ಇದರ ಇಪ್ಪತ್ತಮೂರು ಪಟ್ಟು ಬೇಕು. ಅಷ್ಟು ಗಿಡ ಕಡದ ಮ್ಯಾಲ ಕೈಯಾಗ ಉಳಿಯೂದು ಕಟ್ಟಿಗಿ ಮಾತ್ರ. ಹೊಸ ಆಯುಧ ಹಿಡಿಯಾಕ ಬರಂಗಿಲ್ಲ, ಹೊಸ ಜಾಗಾ ತೆರೆಯಂಗಿಲ್ಲ.

ಹಂಗಾಗಿ ನನ್ನ ಸಲಹೆ ಒಂದೇ: ಮುಂದಿನ ಬಾಗಿಲಿಗೆ ಯಾವ ಸ್ಕಿಲ್ ಎಷ್ಟು ಬೇಕೋ ಅಷ್ಟೇ ಬೆಳೆಸ್ರಿ, ಬಾಗಿಲು ತೆರೀರಿ, ಮುಂದ ನಡೀರಿ. ಶುರುವಿನ ಲೆವೆಲ್‌ಗಳನ್ನ ಆದಷ್ಟು ಕ್ವೆಸ್ಟ್‌ನಿಂದಲೇ (ಮುಗಿಸಿದ್ರ ಬಹುಮಾನ ಸಿಗೂ ಕಥೆಯಂಥ ಕೆಲಸ) ದಾಟ್ರಿ. ಕ್ವೆಸ್ಟ್ ಕೊಡೂ ಎಕ್ಸ್‌ಪಿ ಇವತ್ತು ಮಾಡಿದ್ರೂ ಆರು ತಿಂಗಳ ಬಿಟ್ಟು ಮಾಡಿದ್ರೂ ಅಷ್ಟೇ ಇರ್ತದ. ಆದ್ರ ಕೆಳಗಿನ ಲೆವೆಲ್‌ನಾಗ ಕೈಯಿಂದ ದುಡಿಯೂ ವೇಗ ಭಾಳ ಕಮ್ಮಿ. ಆ ಕಷ್ಟದ ತುಂಡನ್ನ ಕ್ವೆಸ್ಟ್ ನುಂಗಿಬಿಟ್ರ ಲಾಭ.

ಎಲ್ಲಕ್ಕಿಂತ ಚಲೋ ಜೋಡಿ ಡೋರಿಕ್ಸ್ ಕ್ವೆಸ್ಟ್ ಮತ್ತ ನೈಟ್ಸ್ ಸ್ವೋರ್ಡ್. ಡೋರಿಕ್ ಅನ್ನೂ ಪಾತ್ರಕ್ಕ 6 ಕ್ಲೇ, 4 ಕಾಪರ್ ಅದಿರು, 2 ಐರನ್ ಅದಿರು ಕೊಟ್ರ 1,300 ಮೈನಿಂಗ್ ಎಕ್ಸ್‌ಪಿ ಬರ್ತದ, ಅಂದ್ರ ಒಮ್ಮೆಲೇ ಲೆವೆಲ್ 10. ಐರನ್ ಅಗಿಯಾಕ ಮೈನಿಂಗ್ 15 ಬೇಕು. ನಿಮ್ಮ ಹತ್ರ ಅದು ಇರಂಗಿಲ್ಲ, ಹಂಗಾಗಿ ಆ ಎರಡು ಅದಿರನ್ನ ಗ್ರ್ಯಾಂಡ್ ಎಕ್ಸ್‌ಚೇಂಜ್‌ನಾಗ (ಆಟಗಾರರು ಕೊಡೂ ಕೊಳ್ಳೂ ಸಂತಿ) ಕೊಂಡುಬಿಡ್ರಿ. ಈಗ ನೈಟ್ಸ್ ಸ್ವೋರ್ಡ್‌ಗೆ ಬೇಕಾದ ಮೈನಿಂಗ್ 10 ಕೈಯಾಗ ಅದ. ಅದಕ್ಕ 2 ಐರನ್ ಬಾರ್, ಒಂದು ರೆಡ್‌ಬೆರಿ ಪೈ, ಒಂದು ಪಿಕ್‌ಆಕ್ಸ್ ಬೇಕು. ಪೋರ್ಟ್ ಸಾರಿಮ್ ದಕ್ಷಿಣಕ್ಕ ಇರೂ ಹಿಮದ ಗುಹೆಯಿಂದ ಬ್ಲೂರೈಟ್ ಅದಿರು ತರೂದೇ ಗಂಡಾಂತರ: ಅಲ್ಲಿ ಲೆವೆಲ್ 57ರ ಐಸ್ ವಾರಿಯರ್, 53ರ ಐಸ್ ಜೈಂಟ್ ಅಡ್ಡಾಡ್ತಿರ್ತಾವ. ಕಾದಾಡಾಕ ಹೋಗಬ್ಯಾಡ್ರಿ. ರನ್ ಎನರ್ಜಿ ಪೂರ್ತಿ ತುಂಬಿಸ್ಕೊಂಡು, ಚೀಲದಾಗ ಊಟ ತುಂಬ್ಕೊಂಡು ಓಡಿ ಹೋಗ್ರಿ, ಒಂದು ಅದಿರು ಅಗದು ಓಡಿ ಬರ್ರಿ. ಪಿಕ್‌ಆಕ್ಸ್ ಬ್ಯಾಂಕಿನಾಗ ಬಿಟ್ಟು ಅಲ್ಲಿತನಕ ಹೋಗಿ ಹೈರಾಣಾಗೋರು ಭಾಳ ಮಂದಿ. ಬಹುಮಾನ 12,725 ಸ್ಮಿಥಿಂಗ್ (ಲೋಹ ಬಡಿಯೂ ಸ್ಕಿಲ್) ಎಕ್ಸ್‌ಪಿ: ಲೆವೆಲ್ 1ರಿಂದ ಸೀದಾ 29.

ಅಲ್ಲಿಗೆ ಸ್ಮಿಥಿಂಗ್ ನಿಲ್ಲಿಸಿಬಿಡ್ರಿ. "ನನ್ನ ಕತ್ತಿ ನಾನೇ ಬಡ್ಕೋತೀನಿ" ಅನ್ನೂ ಆಸೆ ಎಲ್ಲರಿಗೂ ಬರ್ತದ, ಆದ್ರ ರೂನ್ ಸಿಮಿಟರ್ (ರೂನ್ ಲೋಹದ ಬಾಗಿದ ಕತ್ತಿ) ಹಿಡಿಯಾಕ ಅಟ್ಯಾಕ್ 40 ಸಾಕು, ಬಡಿಯಾಕ ಸ್ಮಿಥಿಂಗ್ 90 ಬೇಕು. ಕೊಂಡ್ಕೊಳ್ಳೂದೇ ವಾಸಿ.

ಉಳಿದ ಸಣ್ಣ ಕ್ವೆಸ್ಟ್‌ಗಳನ್ನ ಜಲ್ದಿ ಹೇಳ್ತೀನಿ. ಕುಕ್ಸ್ ಅಸಿಸ್ಟಂಟ್ 300 ಕುಕಿಂಗ್ ಕೊಡ್ತದ, ರೆಸ್ಟ್‌ಲೆಸ್ ಘೋಸ್ಟ್ 1,125 ಪ್ರೇಯರ್ (ಪ್ರಾರ್ಥನೆಯಿಂದ ಕಾದಾಟದಾಗ ಬಲ ಪಡೆಯೂ ಸ್ಕಿಲ್) ಕೊಟ್ಟು ಲೆವೆಲ್ 9ಕ್ಕ ಒಯ್ತದ. ಇಂಪ್ ಕ್ಯಾಚರ್ (875) ಮತ್ತ ವಿಚಸ್ ಪೋಷನ್ (325) ಎರಡೂ ಸೇರಿದ್ರ ಮ್ಯಾಜಿಕ್ 10. ರೋಮಿಯೋ ಅಂಡ್ ಜೂಲಿಯೆಟ್‌ನಾಗ ಎಕ್ಸ್‌ಪಿ ಸೊನ್ನೆ, ಆದ್ರೂ ಬಿಡಬ್ಯಾಡ್ರಿ, 5 ಕ್ವೆಸ್ಟ್ ಪಾಯಿಂಟ್ ಅದ. ಹೊಸ ಖಾತೆಗೆ ವ್ಯಾಪಾರದ ಮ್ಯಾಲ ಕಟ್ಟು ಇರ್ತದ. ಅದು ಸಡಿಲಾಗಬೇಕಂದ್ರ 10 ಕ್ವೆಸ್ಟ್ ಪಾಯಿಂಟ್, ಒಟ್ಟು ಲೆವೆಲ್ 100, 20 ತಾಸು ಆಟ, ಮೂರೂ ಆಗಬೇಕು. ಬರೇ ಗಿಡ ಕಡ್ಕೋತ ಕುಂತೋರಿಗೆ ಕ್ವೆಸ್ಟ್ ಪಾಯಿಂಟ್ ಎಲ್ಲಿಂದ ಬರ್ಬೇಕು?

ಇನ್ನ ಕಾದಾಟ. ಇಲ್ಲಿ ಒಂದಿಷ್ಟು ನಿಧಾನಕ್ಕ ಓದ್ರಿ, ಹೊಸಬರು ತಪ್ಪೂದು ಇಲ್ಲೇ.

ಅಟ್ಯಾಕ್ ಅಂದ್ರ ಏಟು ತಾಗೂ ಸಾಧ್ಯತೆ, ಜೊತಿಗೆ ಆಯುಧ ಹಿಡಿಯೂ ಯೋಗ್ಯತೆ. ಸ್ಟ್ರೆಂತ್ ಅಂದ್ರ ತಾಗಿದ ಏಟು ಎಷ್ಟು ದೊಡ್ಡದು ಅನ್ನೂದು. ಶುರುವಿನ ಕೋಳಿ, ಆಕಳು, ಗಾಬ್ಲಿನ್‌ಗೆ ಡಿಫೆನ್ಸ್ ಇಲ್ಲದಷ್ಟೇ, ಏಟು ಹೆಂಗಿದ್ರೂ ತಾಗ್ತದ. ಹಂಗಾಗಿ ಅಟ್ಯಾಕ್ ಅನ್ನ ಮುಂದಿನ ಆಯುಧದ ಲೆವೆಲ್‌ತನಕ ಮಾತ್ರ ಏರಿಸಿ, ಉಳಿದ ಹೊತ್ತೆಲ್ಲ ಸ್ಟ್ರೆಂತ್‌ಗೆ ಹಾಕ್ರಿ. ಆಯುಧದ ಮೆಟ್ಟಿಲು ಹಿಂಗವ: ಸ್ಟೀಲ್ 5, ಮಿಥ್ರಿಲ್ 20, ಆಡಮಂಟ್ 30, ರೂನ್ 40. ಲೆಕ್ಕಕ್ಕ ಒಂದು ಉದಾಹರಣೆ ತಗೊಳ್ರಿ. ಕೈಯಾಗ ರೂನ್ ಸಿಮಿಟರ್ ಬಿಟ್ರ ಬ್ಯಾರೆ ಏನೂ ಇಲ್ಲ, ಪ್ರೇಯರ್ ಇಲ್ಲ, ಅಗ್ರೆಸಿವ್ ಶೈಲಿ (ಸ್ಟ್ರೆಂತ್ ಬೆಳೆಸೂ ಹೊಡೆತ). ಸ್ಟ್ರೆಂತ್ 20 ಇದ್ರ ದೊಡ್ಡ ಏಟು 5, 40 ಇದ್ರ 9, 60 ಇದ್ರ 12. ಅದೇ ಕತ್ತಿ, ಏಟು ಎರಡು ಪಟ್ಟಿಗಿಂತ ಹೆಚ್ಚು. ಇನ್ನೊಂದು ಮಜಾ ನೋಡ್ರಿ: ಸ್ಟ್ರೆಂತ್ 40 ಇದ್ದಾಗ ಅಮ್ಯುಲೆಟ್ ಆಫ್ ಸ್ಟ್ರೆಂತ್ ಅನ್ನೂ ತಾಯತ ಹಾಕಿದ್ರೂ ಏಟು 9ರಲ್ಲೇ ನಿಲ್ತದ, 41 ಆದ ಕೂಡಲೇ 10. ಆಟ ದಶಾಂಶ ಕತ್ತರಿಸಿ ಬಿಸಾಕ್ತದ, ಅದಕ್ಕ ಹಿಂಗ.

ಅಟ್ಯಾಕ್ 20ರ ತನಕ ಕೈಯಿಂದ ಏರಿಸೂದೂ ಬ್ಯಾಡ. ವ್ಯಾಂಪೈರ್ ಸ್ಲೇಯರ್ ಕ್ವೆಸ್ಟ್ 4,825 ಅಟ್ಯಾಕ್ ಎಕ್ಸ್‌ಪಿ ಕೊಡ್ತದ. ಲೆವೆಲ್ 1 ಇದ್ದವರೂ 20ಕ್ಕ ಏರ್ತಾರ. ಹಂಗಾಗಿ ಮೊದಲ ಕೋಳಿ, ಆಕಳ ಮ್ಯಾಲ ಸ್ಟ್ರೆಂತ್ ಅನ್ನ 20ರ ಆಸುಪಾಸು ತರ್ರಿ, ಆಮ್ಯಾಲ ಈ ಕ್ವೆಸ್ಟ್‌ಗೆ ಹೋಗ್ರಿ. ಅಲ್ಲಿ ಕೊಲ್ಲಬೇಕಾದ ವ್ಯಾಂಪೈರ್ ಕೌಂಟ್ ಡ್ರೇನರ್ ಲೆವೆಲ್ 34, ಹಿಟ್‌ಪಾಯಿಂಟ್ (ಜೀವಬಲ) 35. ಬೆಳ್ಳುಳ್ಳಿ ಚೀಲದಾಗ ಇದ್ರ ಅವನ ಬಲ ಕುಗ್ತದ. ಡ್ರೇನರ್ ಊರಾಗ ಮಾರ್ಗನ್ ಮನಿ ಮಾಳಿಗಿ ಕಪಾಟಿನಾಗೇ ಸಿಗ್ತದ. ಅವನನ್ನ ಕೊಲ್ಲಾಕ ಬೇಕಾದ ಸ್ಟೇಕ್ (ಚೂಪು ಗೂಟ) ಕೊಡೂ ಡಾಕ್ಟರ್ ಹಾರ್ಲೋ ವ್ಯಾರಕ್‌ನ ಬ್ಲೂ ಮೂನ್ ಇನ್‌ನಾಗ ಕುಂತಿರ್ತಾನ, ಬಿಯರ್ ಕುಡಿಸಿದ್ರ ಮಾತ್ರ ಕೊಡ್ತಾನ. ಸುತ್ತಿಗೆ ಸ್ಟೇಕ್ ಎರಡೂ ಜೊತಿಗೆ ಒಯ್ರಿ, ಉಳಿದ ಜಾಗಾ ಎಲ್ಲ ಊಟ.

ಆಯುಧ ಅಂದ್ರ ಸಿಮಿಟರ್. ಈ ಆಟದ ಗಡಿಯಾರ 0.6 ಸೆಕೆಂಡಿಗೊಮ್ಮೆ ಮಿಡೀತದ. ಸಿಮಿಟರ್ ನಾಲ್ಕು ಮಿಡಿತಕ್ಕ, ಅಂದ್ರ 2.4 ಸೆಕೆಂಡಿಗೊಂದು ಏಟು ಹಾಕ್ತದ. ಲಾಂಗ್‌ಸ್ವೋರ್ಡ್ 3 ಸೆಕೆಂಡ್, ಎರಡು ಕೈ ಕತ್ತಿ 4.2. ನೋಡಾಕ ದೊಡ್ಡ ಕತ್ತಿಗೆ ಮರುಳಾಗಬ್ಯಾಡ್ರಿ. ಅಲ್ ಖರೀದ್‌ನ ಝೀಕ್ ಅಂಗಡಿಯಾಗ ಮಿಥ್ರಿಲ್ ತನಕ ಸಿಮಿಟರ್ ಸಿಗ್ತಾವ, ಮುಂದಿನವು ಎಕ್ಸ್‌ಚೇಂಜ್‌ನಾಗ.

ಇಲ್ಲೊಂದು ಕಳ್ಳ ಹೊಂಡ ಅದ. ಸಿಮಿಟರ್‌ಗೆ ನಾಲ್ಕು ಶೈಲಿ: ಚಾಪ್ ಅಟ್ಯಾಕ್‌ಗೆ, ಸ್ಲ್ಯಾಶ್ ಸ್ಟ್ರೆಂತ್‌ಗೆ, ಬ್ಲಾಕ್ ಡಿಫೆನ್ಸ್‌ಗೆ, ಲಂಜ್ ಮೂರಕ್ಕೂ ಹಂಚಿ. ಒಂದು ಶೈಲಿಯಾಗ ಪ್ರತಿ ಡ್ಯಾಮೇಜ್‌ಗೆ 4 ಎಕ್ಸ್‌ಪಿ ಒಂದೇ ಸ್ಕಿಲ್‌ಗೆ ಹೋಗ್ತದ, ಲಂಜ್‌ನಾಗ 1.33ರಂಗ ಮೂರು ಪಾಲು. ಮೊಬೈಲ್‌ನಾಗ ಬೆರಳು ಜಾರಿ ಲಂಜ್ ಒತ್ತಿಬಿಟ್ರ ಗೊತ್ತಾಗೂದೇ ಇಲ್ಲ. ಆಯುಧ ಬದಲಿಸಿದಾಗೆಲ್ಲ ಕಾಂಬ್ಯಾಟ್ ಪುಟ ಒಮ್ಮೆ ತೆಗದು ನೋಡ್ರಿ. ಹಿಟ್‌ಪಾಯಿಂಟ್ಸ್ ತಾನಾಗೇ ಏರ್ತದ, ಅದರ ಚಿಂತಿ ಬ್ಯಾಡ.

ಡಿಫೆನ್ಸ್ ಯಾವಾಗ? ಸ್ಟ್ರೆಂತ್ 40 ದಾಟಿದ ಮ್ಯಾಲ, ರೂನ್ ರಕ್ಷಾಕವಚಕ್ಕ ಬೇಕಾದ 40ರ ತನಕ. ಕೆಲವರು ಡಿಫೆನ್ಸ್ 1ರಲ್ಲೇ ಇಟ್ಟು 'ಪ್ಯೂರ್' ಖಾತೆ ಮಾಡ್ತಾರ. ಹಂಗ ಮಾಡೂ ಮನಸಿದ್ರ ಈಗಲೇ ನಿರ್ಧಾರ ಮಾಡ್ರಿ, ಏರಿದ ಡಿಫೆನ್ಸ್ ಇಳಿಸಾಕ ಬರಂಗಿಲ್ಲ. ಡ್ರ್ಯಾಗನ್ ಸ್ಲೇಯರ್ ಕ್ವೆಸ್ಟ್ (32 ಕ್ವೆಸ್ಟ್ ಪಾಯಿಂಟ್ ಬೇಕು) ಸ್ಟ್ರೆಂತ್, ಡಿಫೆನ್ಸ್ ಎರಡಕ್ಕೂ 18,650 ಕೊಡ್ತದ. ರೂನ್ ಪ್ಲೇಟ್‌ಬಾಡಿ ಹಾಕಬೇಕಂದ್ರ ಅದನ್ನ ಮುಗಿಸಲೇಬೇಕು. ಮೊದಲ ಸಲ ಆಡೋರಿಗೆ ಪ್ಯೂರ್ ಬ್ಯಾಡ ಅಂತೀನಿ ನಾನು.

ಪ್ರೇಯರ್‌ಗೆ 43 ಬೇಕೇ ಬೇಕು ಅಂತ ಎಲ್ಲಾಕಡೆ ಬರದಿರ್ತಾರ, ಹತ್ರದ ಏಟು ತಡಿಯೂ ಪ್ರೊಟೆಕ್ಟ್ ಫ್ರಮ್ ಮೆಲೀ ಅಲ್ಲಿ ಬರ್ತದ ಅಂತ. ಖರೆ. ಆದ್ರ ದೊಡ್ಡ ಮೂಳೆ ಒಂದು ಹೂಳಿದ್ರ 15 ಎಕ್ಸ್‌ಪಿ. ರೆಸ್ಟ್‌ಲೆಸ್ ಘೋಸ್ಟ್ ಆದ ಮ್ಯಾಲ 43 ಮುಟ್ಟಾಕ 3,281 ಮೂಳೆ ಹೂಳಬೇಕು. ಅದೇ 13ಕ್ಕ 48 ಮೂಳೆ ಸಾಕು, ಅಲ್ಲಿ ಸ್ಟ್ರೆಂತ್ ಶೇಕಡಾ 10 ಏರಿಸೂ ಪ್ರೇಯರ್ ಸಿಗ್ತದ. ಈಗ 13ಕ್ಕ ನಿಲ್ಲಿಸ್ರಿ. ಮುಂದ ಎಡ್ಜ್‌ವಿಲ್ ಡಂಜನ್‌ನಾಗ ಹಿಲ್ ಜೈಂಟ್ ಹೊಡಿಯೂಮುಂದ ಬಿದ್ದ ಮೂಳೆ ಅಲ್ಲೇ ಹೂಳ್ಕೋತ ಹೋದ್ರ ತಾನಾಗೇ ಏರ್ತದ. ಆ ಡಂಜನ್‌ನ ಉತ್ತರದ ಭಾಗ ವೈಲ್ಡರ್‌ನೆಸ್, ಬ್ಯಾರೆ ಆಟಗಾರರು ನಿಮ್ಮನ್ನ ಕೊಂದು ಸಾಮಾನು ಒಯ್ಬಹುದು. ಗೇಟು ದಾಟಬ್ಯಾಡ್ರಿ.

ಮ್ಯಾಜಿಕ್ ಅನ್ನ ಕಾದಾಡಾಕಂತ ಅಲ್ಲ, ಓಡಾಡಾಕಂತ ಬೆಳೆಸ್ರಿ. 25ಕ್ಕ ವ್ಯಾರಕ್, 31ಕ್ಕ ಲಂಬ್ರಿಜ್, 37ಕ್ಕ ಫಾಲಡೋರ್ ಟೆಲಿಪೋರ್ಟ್ (ಆ ಊರಿಗೆ ಒಮ್ಮೆಲೇ ಹಾರೂ ಮಂತ್ರ). ಹೋಮ್ ಟೆಲಿಪೋರ್ಟ್ 30 ನಿಮಿಷಕ್ಕೊಮ್ಮೆ ಮಾತ್ರ. ದಿನಾ ಒಂದೇ ತಾಸು ಆಡೋರಿಗೆ ನಡಿಯೂ ಹೊತ್ತು ಉಳಿಯೂದೇ ದೊಡ್ಡ ಗಳಿಕೆ.

ಈಗ ನಿಮ್ಮ ಬಸ್ಸಿನ ವಿಷಯ. ಆಳಂದ ರಸ್ತೆದಾಗ ಸಿಗ್ನಲ್ ಬಂದು ಹೋಗಿ ಮಾಡ್ತದ ಅಂದೀರಿ. ಕಾದಾಟದಾಗ ನೆಟ್ ಕಡದ್ರ ನಿಮ್ಮ ಪಾತ್ರ ಕೂಡಲೇ ಮಾಯ ಆಗಂಗಿಲ್ಲ, ಒಂದಿಷ್ಟು ಹೊತ್ತು ಅಲ್ಲೇ ನಿಂತು ಏಟು ತಿಂತದ. ಸತ್ರ ಬೆಲೆಯುಳ್ಳ ಮೂರು ವಸ್ತು ನಿಮ್ಮ ಹತ್ರ ಉಳೀತಾವ, ಉಳಿದವು ಸಮಾಧಿ ಕಲ್ಲಿನಾಗ 15 ನಿಮಿಷ ಇರ್ತಾವ. ಹಂಗಾಗಿ ಕಾದಾಟ, ಕ್ವೆಸ್ಟ್ ಎಲ್ಲ ಮನ್ಯಾಗ. ಬಸ್ಸಿನಾಗ ಮೀನು, ಗಿಡ, ಅದಿರು. ನೆಟ್ ಹೋದ್ರೂ ಕಳಕೊಳ್ಳೂದು ಏನಿಲ್ಲ. ನಿಮ್ಮ ಗೆಳೆಯರ ವುಡ್‌ಕಟಿಂಗ್‌ಗೂ ಜಾಗಾ ಇಲ್ಲೇ: 15ಕ್ಕ ಓಕ್, 30ಕ್ಕ ಡ್ರೇನರ್ ಬ್ಯಾಂಕ್ ಹತ್ರದ ವಿಲೋ.

ಬಸ್ಸಿಗೆ ನನ್ನ ಆಯ್ಕೆ ಫಿಶಿಂಗ್. ಅದು ಊಟ ಕೊಡ್ತದ, ಊಟ ಇಲ್ದ ಕಾದಾಟ ನಡಿಯಂಗಿಲ್ಲ. ಲೆವೆಲ್ 20ರ ತನಕ ಬಲೆ ಹಾಕಿ ಸೀಗಡಿ ಹಿಡೀರಿ (ತಲಾ 10 ಎಕ್ಸ್‌ಪಿ), 15ಕ್ಕ ಆಂಚೊವಿ ಬೀಳಾಕ ಶುರು ಆದ್ರ ತಲಾ 40. 20ಕ್ಕ ಬಾರ್ಬೇರಿಯನ್ ವಿಲೇಜ್‌ಗೆ ಹೋಗಿ ಫ್ಲೈ ಫಿಶಿಂಗ್ ರಾಡ್ ಹಿಡೀರಿ: ಟ್ರೌಟ್ 50, ಲೆವೆಲ್ 30ಕ್ಕ ಸಾಮನ್ 70. ಮೀನಿಗೊಂದು ಪುಕ್ಕ ಖರ್ಚಾಗ್ತದ, ಅದಕ್ಕೇ ಶುರುವಿನಾಗ ಕೋಳಿ ಹೊಡಿಯೂಮುಂದ ಬಿದ್ದ ಪುಕ್ಕ ಒಂದೂ ಬಿಡದಂಗ ಆರಿಸಿಟ್ಕೊಳ್ರಿ. ಹಿಡಿದ ಮೀನು ಅಲ್ಲೇ ಬೆಂಕಿ ಹಚ್ಚಿ ಸುಟ್ರ ಕುಕಿಂಗ್, ಫೈರ್‌ಮೇಕಿಂಗ್ ಎರಡೂ ಏರ್ತಾವ. ಶುರುವಿಗೆ ಭಾಳ ಸೀದು ಹೋಗ್ತಾವ, ಅದು ಲೆವೆಲ್ ಕಮ್ಮಿ ಇರೂದಕ್ಕ, ಏರಿದಂಗ ನಿಲ್ತದ. ರೂನ್‌ಕ್ರಾಫ್ಟ್ (ಮಂತ್ರದ ಕಲ್ಲು ಮಾಡೂ ಸ್ಕಿಲ್) ಅಂತೂ ಈಗ ಮುಟ್ಟಲೇಬ್ಯಾಡ್ರಿ, ಹೊಸಬರಿಗೆ ಅದರಷ್ಟು ಬ್ಯಾಸರದ ಸ್ಕಿಲ್ ಇನ್ನೊಂದಿಲ್ಲ.

ಬ್ಯಾಸರ ಆತು ಅಂತ ಆಟೋ ಕ್ಲಿಕ್ಕರ್ ಆ್ಯಪ್ ಹಾಕಬ್ಯಾಡ್ರಿ, ಯುಪಿಐ ಮ್ಯಾಲ ಯಾರ ಹತ್ರನೂ ಆಟದ ಚಿನ್ನ ಕೊಳ್ಳಬ್ಯಾಡ್ರಿ. ಎರಡಕ್ಕೂ ಆಟದ ಕಂಪನಿ ಜಾಜೆಕ್ಸ್ ಖಾತೆ ಬ್ಯಾನ್ ಮಾಡ್ತದ.

ಮುಂದ ಮೆಂಬರ್ ಆಗೂ ವಿಚಾರ ಇದ್ರ ಒಂದು ಬಾಂಡ್ (ಮೆಂಬರ್‌ಶಿಪ್ ಚೀಟಿ) 14 ದಿನ ನಡೀತದ, ನೀವು ಆಡಿದ್ರೂ ಆಡದಿದ್ರೂ ದಿನ ಕಳೀತಾವ. ಪರೀಕ್ಷೆ ಮುಗಿದು ಸೂಟಿ ಬಿದ್ದಾಗ ಹಚ್ರಿ. ಮೊದಲ ದಿನಾನೇ ವಾಟರ್‌ಫಾಲ್ ಕ್ವೆಸ್ಟ್ ಹಿಡೀರಿ: ಅಟ್ಯಾಕ್, ಸ್ಟ್ರೆಂತ್ ಎರಡಕ್ಕೂ 13,750 ಎಕ್ಸ್‌ಪಿ, ಲೆವೆಲ್ 1 ಇದ್ದೋರೂ 30 ಮುಟ್ತಾರ, ಒಂದೂ ಕಾದಾಟ ಗೆಲ್ಲಬೇಕಾಗಿಲ್ಲ. ಹಗ್ಗ ಒಂದು, ಏರ್, ಅರ್ಥ್, ವಾಟರ್ ರೂನ್ (ಮಂತ್ರದ ಕಲ್ಲು) ತಲಾ 6 ಬೇಕು. ಆದ್ರ ಆ ಕ್ವೆಸ್ಟ್‌ನಾಗ ಬರೂ ಗ್ಲಾರಿಯಲ್ ಗೋರಿಯೊಳಗ ಇಳಿಯೂಮುಂದ ಆಯುಧ, ಕವಚ, ರೂನ್ ಯಾವುದೂ ಮೈಮ್ಯಾಲ, ಚೀಲದಾಗ ಇರಬಾರದು, ಒಳಗ ಬಿಡಂಗಿಲ್ಲ. ಮೊದಲ ಬ್ಯಾಂಕಿಗೆ ಹೋಗಿ ಎಲ್ಲ ಇಟ್ಟು, ಬರೇ ಊಟ ತಗೊಂಡು ಇಳೀರಿ. ರೂನ್ ಕೊನೀಗೆ ಜಲಪಾತದೊಳಗ ಹೋಗೂಮುಂದ ಬೇಕಾಗ್ತಾವ, ಆವಾಗ ಬ್ಯಾಂಕಿನಿಂದ ತಗೊಂಡ್ರಾತು.