ನಮ್ಮ ಹುಡುಗಿ ತಲಪಾಡಿ ಗಡಿ ದಾಟಿ ಓದಲು ಹೋದದ್ದು ಯಾಕೆಂದರೆ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಎರಡು ದಿನ ತಲೆಯಲ್ಲೇ ಇತ್ತು. "ಕೇರಳದಲ್ಲಿ ಓದು ಅಷ್ಟು ಚೆನ್ನಾಗಿದೆ ಅಂತಾರೆ, ನೀವು ನೋಡಿದ್ರೆ ಮಗಳನ್ನು ಹೆಸರೇ ಕೇಳದ ಸಣ್ಣ ಪ್ರೈವೇಟ್ ಯೂನಿವರ್ಸಿಟಿಗೆ ಬಿಬಿಎಗೆ ಹಾಕಿದ್ದೀರಿ. ಅದೂ ಮಂಗಳೂರಿಗೆ. ಅಷ್ಟಕ್ಕೂ ನೀವು ಮಲಯಾಳಿಗಳೇ ಅಲ್ವಾ?" ಅಂದೆ. ಕೊನೆಯ ಮಾತಿಗೆ ಆಗಲೇ ಉತ್ತರ ಕೊಡಬೇಕಿತ್ತು. ಬಾಯಿ ಬರಲಿಲ್ಲ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ಮಾರಾಯ್ತಿ, ನಾವು ಕಾಸರಗೋಡಿನ ಕುಂಬಳೆಯವರು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮ ಅಜ್ಜ ಎಲ್ಲಿಗೂ ಹೋಗಲಿಲ್ಲ, ತೋಟದಲ್ಲೇ ಇದ್ದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು. ಕುಂಬಳೆ ಇರುವುದು ಆ ಉತ್ತರದಲ್ಲೇ. ಆ ಮಾತು ಕಾಗದದಲ್ಲೇ ಉಳಿಯಿತು. ಸದ್ಯಕ್ಕೆ ಇಷ್ಟು ಸಾಕು.

ಇನ್ನು ಕಾಲೇಜಿನ ವಿಷಯ. ನಮಗೆ ಮಂಗಳೂರು ಸುಮಾರು 40 ಕಿಲೋಮೀಟರ್, ತಿರುವನಂತಪುರ 500ಕ್ಕೂ ಜಾಸ್ತಿ. ಜ್ವರ ಜೋರಾದರೆ ಹೋಗುವುದು ಮಂಗಳೂರಿಗೆ, ಮದುವೆ ಸೀರೆಗೆ ಮಂಗಳೂರಿಗೆ, ಅಡಿಕೆಯ ರೇಟು ಕೇಳುವುದೂ ಮಂಗಳೂರಿನದ್ದೇ. ಕೇರಳದಲ್ಲಿ ಖಾಸಗಿ ವಿಶ್ವವಿದ್ಯಾಲಯಕ್ಕೆ ಅವಕಾಶ ಕೊಡುವ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದೇ 2025ರ ಮಾರ್ಚ್‌ನಲ್ಲಿ. ಇಲ್ಲಿನ ಸರ್ಕಾರಿ ಕಾಲೇಜುಗಳು ಒಳ್ಳೆಯವು. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಓದಿ ಬಂದವರ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ಅವಳಿಗೆ ಬೇಕಿದ್ದದ್ದು ವ್ಯಾಪಾರದ ಓದು, ಅದರಲ್ಲೂ ನಮ್ಮ ತೋಟದ ಮಾಲು ಹೋಗಿ ಸೇರುವ ಊರಿನಲ್ಲೇ.

"ವ್ಯಾಪಾರ ಕಲಿಯೋಕೆ ಯೂನಿವರ್ಸಿಟಿ ಬೇಕಾ" ಅಂತಲೂ ಕೇಳಿದೆ. ವ್ಯಾಪಾರ ನಮ್ಮ ಕಡೆಯವರಿಗೆ ಹೊಸದಲ್ಲ, ನಿಜ. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ ಹುಟ್ಟಿದ್ದು 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ. ಎಲ್ಲ ಮಂಗಳೂರು, ಉಡುಪಿಯಲ್ಲೇ. ಆಗ ನಾವೂ ಅದೇ ಜಿಲ್ಲೆಯವರು. 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಆದಾಗಲೂ ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರಿಗಾಗಿಯೇ ಆಯಿತು. ನನ್ನ ಮಾವ ಅದರ ಸದಸ್ಯರು. ಚಾಲಿ, ಪಟೋರ, ಕರಿಗೋಟು ಅಂತ ಅಡಿಕೆ ವಿಂಗಡಿಸುವುದು ಮಗಳಿಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು. ಆದರೆ ಕುಂಬಳೆಯ ವ್ಯಾಪಾರಿ ಒಣ ಅಡಿಕೆಯನ್ನು ಮಂಗಳೂರಿಗೆ ಮಾರಿದರೆ ಅದು ಅಂತರರಾಜ್ಯ ವ್ಯಾಪಾರ, ಅದಕ್ಕೆ ಐಜಿಎಸ್‌ಟಿ ಅನ್ನುವ ಅಂತರರಾಜ್ಯ ತೆರಿಗೆ, ಲಾರಿಗೆ ಇ-ವೇ ಬಿಲ್ ಅನ್ನುವ ಸಾಗಣೆ ಚೀಟಿ ಅಂತ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೊದಲ ವರ್ಷದಲ್ಲೇ ಅವಳು ಊಟಕ್ಕೆ ಕೂತಾಗ ಅದನ್ನು ವಿವರಿಸಿದಳು. ಮಾವ ಅನ್ನ ಕಲಸುವುದು ಬಿಟ್ಟು ಕೇಳಿದರು. ಆ ಹೊತ್ತಿಗೇ ನನ್ನ ಸಂಶಯ ಅರ್ಧ ಹೋಯಿತು.

ಸಣ್ಣದು ಅಂತ ಸುಮ್ನೆ ಹಾಕಿದ್ದಲ್ಲ. ಬಸ್ಸಿನ ಹಿಂದೆ "100% ಪ್ಲೇಸ್‌ಮೆಂಟ್" ಅಂತ ಬರೆದಿದ್ದನ್ನು ನಾವು ನಂಬಲಿಲ್ಲ. ಯುಜಿಸಿ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿದೆವು. ಪಾಸಾಗಿ ಹೋದ ಮೂವರು ಮಕ್ಕಳಿಗೆ ಫೋನ್ ಮಾಡಿದೆವು. ಒಬ್ಬ ನೇರವಾಗಿ ಹೇಳಿದ, "ಆಂಟಿ, ಹೆಸರು ನೋಡಿ ಯಾರೂ ಕೆಲಸ ಕೊಡಲ್ಲ, ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ರಿ ಅಂತ ಕೇಳ್ತಾರೆ." ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ಮಾಡಿ ಅವರೇ ಅಂಕ ಹಾಕುತ್ತಾರೆ, ಆ ಹೆದರಿಕೆ ನನಗೆ ಈಗಲೂ ಇದೆ. ಆದರೆ ಕ್ಲಾಸಿನಲ್ಲಿ 38 ಮಕ್ಕಳು. ಅವಳ ಇಂಗ್ಲಿಷ್ ಮೊದಲು ತಡವರಿಸುತ್ತಿತ್ತು, ಹತ್ತನೇವರೆಗೆ ಕನ್ನಡ ಮಾಧ್ಯಮ ನೋಡು. ಒಬ್ಬರು ಮೇಡಂ ವಾರಕ್ಕೆರಡು ದಿನ ಸಂಜೆ ಕೂರಿಸಿಕೊಂಡು ಅದನ್ನು ತಿದ್ದಿದರು. ನೂರೈವತ್ತು ಮಕ್ಕಳ ಮಧ್ಯೆ ಅವಳು ಕೊನೇ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿರುತ್ತಿದ್ದಳು, ನನಗೆ ಗೊತ್ತು.

ಕಷ್ಟ ಇರುವುದು ಓದಿನಲ್ಲಲ್ಲ, ಕಾಗದದಲ್ಲಿ. ಅರ್ಜಿಯಲ್ಲಿ ಪಿಯುಸಿ ಅಂಕ ಅಂತ ಕಾಲಂ. ನಮ್ಮದು ಪ್ಲಸ್ ಟು. ಸರಿ, ಅದನ್ನು ವಿವರಿಸಿದೆವು. ರಾಜ್ಯ ಅನ್ನುವಲ್ಲಿ ಕೇರಳ ಅಂತ ಬರೆದ ಕೂಡಲೇ ಕೌಂಟರಿನ ಹುಡುಗ "ಹೊರ ರಾಜ್ಯ, ಫೀಸು ಬೇರೆ" ಅಂದ. ಕನ್ನಡದಲ್ಲೇ ಮಾತಾಡುತ್ತಿದ್ದೇವಲ್ಲಪ್ಪ ಅಂದೆ. "ಮೇಡಂ, ಸಿಸ್ಟಮ್ ತಗೊಳಲ್ಲ" ಅಂದ. ಇಂಜಿನಿಯರಿಂಗ್‌ಗೆ ಹೋಗುವ ಮಕ್ಕಳಿಗಾದರೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರು ಅಂತ ಒಂದು ದಾರಿ ಇದೆ. ಅದಕ್ಕೂ ನಮ್ಮ ಮಕ್ಕಳು ಕನ್ನಡ ಪರೀಕ್ಷೆ ಬರೆದು ಕನ್ನಡ ಬರುತ್ತದೆ ಅಂತ ತೋರಿಸಬೇಕು. ಬಿಬಿಎಗೆ ಆ ದಾರಿಯೂ ಇಲ್ಲ. ಕೊನೆಗೆ ಊರಿನಿಂದ ದೃಢೀಕರಣ ತಂದರೆ ನೋಡೋಣ ಅಂದರು. ವಿಲ್ಲೇಜ್ ಆಫೀಸಿನಿಂದ ತಂದೆವು, ಅದು ಮಲಯಾಳದಲ್ಲಿತ್ತು, ಯೂನಿವರ್ಸಿಟಿಯಲ್ಲಿ ಅದನ್ನು ಓದಲು ಯಾರಿಗೂ ಬರಲಿಲ್ಲ, ಅನುವಾದ ಮಾಡಿಸಿ ನೋಟರಿ ಹಾಕಿಸಿದೆವು, ಆಗ ಊರ ಹೆಸರು ತಾಳೆಯಾಗಲಿಲ್ಲ. ಶಾಲೆಯ ಕಾಗದದಲ್ಲಿ ಕುಂಬಳೆ, ಆಫೀಸಿನದರಲ್ಲಿ ಕುಂಬಳ, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಕುಂಬ್ಲ. ಮೂರೂ ಒಂದೇ ಊರು ಅಂತ ಇನ್ನೊಂದು ಅಫಿಡವಿಟ್. ಅವಳ ಅಪ್ಪನಿಗೆ ಅಂಗಡಿ ಮುಚ್ಚಿ ಓಡಾಡಿದ್ದೇ ಒಂಬತ್ತು ದಿನ.

ಫೀಸು ಸ್ವಲ್ಪ ಇಳಿಯಿತು. ಸ್ಕಾಲರ್‌ಶಿಪ್ ಮಾತ್ರ ಸಿಗಲಿಲ್ಲ. ಈಚೆ ಕೇಳಿದರೆ ಮಗು ಓದುವುದು ಹೊರ ರಾಜ್ಯದಲ್ಲಿ ಅಂತಾರೆ, ಆಚೆ ಕೇಳಿದರೆ ಮನೆ ಹೊರ ರಾಜ್ಯದಲ್ಲಿ ಅಂತಾರೆ. 2020ರಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದರಲ್ಲ, ಆ ದಿನಗಳಲ್ಲಿ ಆಂಬುಲೆನ್ಸಿನಲ್ಲಿ ಕಾದವರು ನಮ್ಮವರು. ಅದನ್ನು ನೋಡಿದ ಮೇಲೂ ಮಗಳನ್ನು ಅದೇ ರಸ್ತೆಯಲ್ಲಿ ದಿನಾ ಕಳಿಸುತ್ತಿದ್ದೇನೆ. ನೀನು ಮಲಯಾಳಿ ಅಂದಾಗ ನನಗೆ ಯಾಕೆ ಅಷ್ಟು ಬೇಜಾರಾಯಿತು ಅಂತ ಈಗ ಗೊತ್ತಾಯ್ತಲ್ವಾ? ಮಲಯಾಳಿಗಳ ಮೇಲೆ ನನಗೆ ಏನೂ ಸಿಟ್ಟಿಲ್ಲ, ಪಕ್ಕದ ಮನೆಯವರೇ ಅವಳ ಸೀಟು ಖಾತ್ರಿಯಾದ ದಿನ ಪಾಯಸ ಕೊಟ್ಟವರು. ಆದರೆ ನಾನು ಯಾರು ಅಂತ ಕೌಂಟರಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಗೆಳತಿಗೂ ಹೇಳಬೇಕಾಯಿತಲ್ಲ ಅಂತ.

ಮುಂದಿನ ತಿಂಗಳು ಅವಳಿಗೆ ಅಡಿಕೆ ವ್ಯಾಪಾರಿಯೊಬ್ಬರ ಹತ್ತಿರ ಇಂಟರ್ನ್‌ಶಿಪ್, ಬಂದರಿನ ಹತ್ತಿರ. ನಮ್ಮ ಕಡೆಯ ಅಡಿಕೆಗೆ ನಮ್ಮದೇ ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾರಬಹುದಾ ಅಂತ ಲೆಕ್ಕ ಹಾಕುತ್ತಿದ್ದಾಳೆ. ಪ್ಯಾಕೆಟ್ ಮೇಲೆ ಊರ ಹೆಸರು ಹೇಗೆ ಬರೆಯಲಿ ಅಂತ ನಿನ್ನೆ ತನ್ನ ಅಜ್ಜನನ್ನು ಕೇಳಿದಳು. ಅವರು ಪೆನ್ನು ತಗೊಂಡು ಕನ್ನಡದಲ್ಲಿ ದೊಡ್ಡದಾಗಿ ಕುಂಬಳೆ ಅಂತ ಬರೆದು ಕೊಟ್ಟರು.