ಎರಡು ಸಾಲಿನ ನಲ್ ಚೆಕ್‌ಗೆ ರಿವ್ಯೂಡ್-ಬೈ ಹಾಕಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನಿಮ್ಮ ಕಂಪನಿ ತಿದ್ದಿಟ್ಟುಕೊಂಡಿರುವ ಎನ್‌ವಿಎಂಇ-ಟಿಸಿಪಿ ಡ್ರೈವರ್ (ದೂರದ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಬಳಸಲು ಲಿನಕ್ಸ್ ಕರ್ನಲ್‌ನಲ್ಲಿರುವ ಭಾಗ), ಡೇಟಾ ಬರುವ ಹೊತ್ತಿಗೆ ನಲ್ ಪಾಯಿಂಟರ್‌ನಿಂದ (ಏನನ್ನೂ ತೋರಿಸದ ಖಾಲಿ ವಿಳಾಸ) ಕ್ರ್ಯಾಶ್ ಆಗುತ್ತಿತ್ತು. ರಿಕ್ವೆಸ್ಟ್ (ಡಿಸ್ಕಿಗೆ ಕಳಿಸಿದ ಕೋರಿಕೆ) ಮುಗಿದ ಕೂಡಲೇ ಆ ಡ್ರೈವರ್ ತನ್ನ ಪಟ್ಟಿಯ ಆ ಜಾಗಕ್ಕೆ ನಲ್ ಬರೆಯುತ್ತದೆ. ಈಗ ಸೀನಿಯರ್ ಒಬ್ಬರು ‘ನಲ್ ಇದ್ದರೆ ಸುಮ್ನೆ ಸೊನ್ನೆ ವಾಪಸ್ ಕೊಡು’ ಅಂತ ಎರಡು ಸಾಲಿನ ಪ್ಯಾಚ್ (ಕೋಡ್ ತಿದ್ದುಪಡಿ) ಸೇರಿಸಿದ್ದಾರೆ. ಎರಡು ದಿನದಿಂದ ಕ್ರ್ಯಾಶ್ ಇಲ್ಲ. ಇದಕ್ಕೆ ‘ಓದಿ ನೋಡಿದ್ದೇನೆ, ಸರಿಯಿದೆ’ ಅನ್ನುವ ನಿಮ್ಮ ಹೆಸರಿನ ಸಾಲು, ಅಂದರೆ ರಿವ್ಯೂಡ್-ಬೈ ಹಾಕಬಹುದಾ?

ಹಾಕಬೇಡಿ. ನಾನು ಹಾಕಿ ಅನುಭವಿಸಿದ್ದೇನೆ.

ಆಗ ನಾನು ಮಂಗಳೂರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಜುಲೈ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಇನ್ವರ್ಟರ್ ಕೈಕೊಡುವ ಮೊದಲು ಮುಗಿಸುವ ಅವಸರ ಬೇರೆ. ಪ್ಯಾಚ್ ಚಿಕ್ಕದು, ಓದಿದೆ, ಸರಿ ಕಂಡಿತು, ಹಾಕಿದೆ. ಎರಡು ವಾರ ಕಳೆದ ಮೇಲೆ ಒಂದು ಫೈಲಿನ ಮಧ್ಯೆ ಇನ್ನೊಂದು ಫೈಲಿನ ತುಂಡು ಸಿಕ್ಕಿತು. ಕ್ರ್ಯಾಶ್ ಆದರೆ ಗೊತ್ತಾದರೂ ಆಗುತ್ತದೆ ಮಾರಾಯ್ರೆ, ಇದು ಹಾಗಲ್ಲ.

ಪ್ಯಾಚ್‌ನಲ್ಲಿ ಎರಡು ತಪ್ಪು ಇದೆ. ಸುಲಭದ್ದು ಮೊದಲು ಹೇಳುತ್ತೇನೆ. ಟಿಸಿಪಿಯಲ್ಲಿ ಬರುವುದು ಬೈಟುಗಳ ಹೊಳೆ, ಒಂದೊಂದಾಗಿ ಕಟ್ಟಿದ ಪೊಟ್ಟಣ ಅಲ್ಲ. ಟಾರ್ಗೆಟ್ (ಡಿಸ್ಕ್ ಇರುವ ಆಚೆಯ ಮೆಷಿನ್) ಹೆಡರ್ (ಮುಂದೆ ಬರುವುದು ಏನು ಅನ್ನುವ ತಲೆಬರಹ) ಕಳಿಸುತ್ತದೆ, ಅದರ ಬೆನ್ನಿಗೇ 4096 ಬೈಟ್ ಡೇಟಾ ಬರುತ್ತದೆ ಅಂತ ಇಟ್ಟುಕೊಳ್ಳಿ. ಹೆಡರ್ ನೋಡಿ ‘ಇದು ನನಗೆ ಬೇಡ’ ಅಂತ ವಾಪಸ್ ಬಂದರೆ ಆ 4096 ಬೈಟ್ ಸಾಕೆಟ್‌ನಲ್ಲೇ, ಅಂದರೆ ಕನೆಕ್ಷನ್ನಿನ ನಮ್ಮ ತುದಿಯಲ್ಲೇ, ಕೂತಿರುತ್ತದೆ. ಡ್ರೈವರ್ ಮುಂದಿನ ಹೆಡರ್ ಅಂತ ಓದುವುದು ನಿಜವಾಗಿ ಯಾರದ್ದೋ ಡೇಟಾಬೇಸಿನ ಬೈಟು! ಹೆಚ್ಚಿನ ಸಲ ಕಸ ಕಂಡು ಕನೆಕ್ಷನ್ ಬೀಳುತ್ತದೆ, ನಾವು ಬಚಾವ್. ಅದಕ್ಕೇ ಮೇನ್‌ಲೈನ್ (ಲಿನಕ್ಸ್‌ನ ಮೂಲ ಕರ್ನಲ್) ಡ್ರೈವರ್ ಇಂಥ ಕಡೆ ಸುಮ್ಮನಿರುವುದಿಲ್ಲ. ಗೊತ್ತಿಲ್ಲದ ಕಮಾಂಡ್ ಐಡಿ (ರಿಕ್ವೆಸ್ಟ್‌ನ ಗುರುತಿನ ಸಂಖ್ಯೆ) ಬಂದರೆ ಎರರ್ ಬರೆದು ಇಡೀ ಕನೆಕ್ಷನ್ನನ್ನೇ ರಿಸೆಟ್‌ಗೆ ಕಳಿಸುತ್ತದೆ.

ಎರಡನೆಯದು ನನ್ನ ಕೈಸುಟ್ಟದ್ದು. ನಲ್ ಬಂದಿತು ಅಂದರೆ, ಮುಗಿದುಹೋದ ರಿಕ್ವೆಸ್ಟ್‌ಗೆ ತಡವಾಗಿ ಉತ್ತರ ಬಂದಿದೆ ಅಂತ ಅರ್ಥ. ಕಮಾಂಡ್ ಐಡಿಯನ್ನು ಹೋಟೆಲಿನ ಟೋಕನ್ ಅಂದುಕೊಳ್ಳಿ. ಗೋಳಿಬಜೆಗೆ 17ನೇ ಟೋಕನ್ ಹಿಡಿದು ಕಾಯುತ್ತಿದ್ದೀರಿ. ಹೊತ್ತಾಯಿತು ಅಂತ ಟೋಕನ್ ವಾಪಸ್ ಕೊಟ್ಟು ಹೊರಟಿರಿ. ಒಳಗೆ ಬಾಣಲೆಯಲ್ಲಿ ನಿಮ್ಮ ಗೋಳಿಬಜೆ ಬೇಯುತ್ತಲೇ ಇದೆ. ಅದು ಹೊರಗೆ ಬರುವಾಗ 17 ಯಾರ ಕೈಯಲ್ಲೂ ಇಲ್ಲದಿದ್ದರೆ ಅದು ನಿಮ್ಮ ನಲ್. ಆದರೆ ಅಷ್ಟರಲ್ಲಿ ಬನ್ಸ್ ಕೇಳಿದವರ ಕೈಗೆ 17 ಹೋಗಿದ್ದರೆ? ನಲ್ ಇಲ್ಲ, ಕ್ರ್ಯಾಶ್ ಇಲ್ಲ. ಅವರ ಬಫರ್‌ಗೆ (ಡೇಟಾ ತುಂಬುವ ಮೆಮೊರಿ ಜಾಗ) ನಿಮ್ಮ ಡೇಟಾ. ನಿಮ್ಮ ಸೀನಿಯರ್ ಹಿಡಿದದ್ದು ಮೊದಲನೆಯದನ್ನು ಮಾತ್ರ.

ಮೇನ್‌ಲೈನ್‌ನಲ್ಲಿ 16 ಬಿಟ್‌ನ ಕಮಾಂಡ್ ಐಡಿಯನ್ನು ಒಡೆದು 12 ಬಿಟ್ ಟ್ಯಾಗ್‌ಗೆ (ಟೋಕನ್ ಸಂಖ್ಯೆ), 4 ಬಿಟ್ ತಲೆಮಾರಿನ ಎಣಿಕೆಗೆ ಇಟ್ಟಿದ್ದಾರೆ. ಅದೇ 17 ಆದರೂ ಈ ಸಲದ್ದಾ, ಹಿಂದಿನ ಸಲದ್ದಾ ಅಂತ ತಿಳಿಯುತ್ತದೆ. 4 ಬಿಟ್ ಅಂದರೆ 16 ಸುತ್ತಿಗೆ ಮತ್ತೆ ಅದೇ ಎಣಿಕೆ, ಹಾಗಾಗಿ ಅದು ಕಾವಲುಗಾರ ಅಷ್ಟೇ. ನಿಜವಾದ ಔಷಧ ಟೈಮ್‌ಔಟ್ ದಾರಿಯಲ್ಲಿದೆ, ಅಂದರೆ ಉತ್ತರ ಬಾರದೆ ಹೊತ್ತು ಮೀರಿದಾಗ ಓಡುವ ಕೋಡಿನಲ್ಲಿ. ಮೊದಲು ಸಾಕೆಟ್ ಶಟ್‌ಡೌನ್ ಮಾಡಬೇಕು, ಕಾಲ್‌ಬ್ಯಾಕ್ (ಡೇಟಾ ಬಂದಾಗ ಕರೆಯಲಾಗುವ ಫಂಕ್ಷನ್) ಬಿಚ್ಚಬೇಕು, ಓಡುತ್ತಿರುವ ವರ್ಕ್ (ಹಿನ್ನೆಲೆ ಕೆಲಸ) ನಿಲ್ಲುವವರೆಗೆ ಕಾಯಬೇಕು. ಆಮೇಲೆಯೇ ರಿಕ್ವೆಸ್ಟ್‌ಗಳನ್ನು ಮುಗಿಸಬೇಕು. ನಿಮ್ಮ ತಿದ್ದಿದ ಡ್ರೈವರ್‌ನಲ್ಲಿ ಈ ಕ್ರಮ ಎಲ್ಲೋ ತಲೆಕೆಳಗಾಗಿರಬೇಕು ಅಂತ ನನ್ನ ಗುಮಾನಿ. ಪ್ಯಾಚ್ ಮುಟ್ಟಿರದ ಆ ಟೈಮ್‌ಔಟ್ ಫಂಕ್ಷನ್ನನ್ನು ತೆಗೆದು ಓದಿ. ಡಿಫ್ (ಬದಲಾದ ಸಾಲುಗಳು) ಓದುವುದು ಎರಡು ನಿಮಿಷದ್ದು, ಇದಕ್ಕೆ ಅರ್ಧ ದಿನ ಬೇಕು.

‘ಎರಡು ದಿನ ಕ್ರ್ಯಾಶ್ ಇಲ್ಲ’ ಅನ್ನುವುದು ಪರೀಕ್ಷೆಯೇ ಅಲ್ಲ. ಐಒ (ಓದು-ಬರಹದ) ಟೈಮ್‌ಔಟ್ ಡಿಫಾಲ್ಟ್ 30 ಸೆಕೆಂಡು, ಆರೋಗ್ಯವಾಗಿರುವ ಲ್ಯಾಬಿನಲ್ಲಿ ಅದು ಬಡಿಯುವುದೇ ಅಪರೂಪ. ನಾನು ಎರಡು ವಿಎಂ (ಕಂಪ್ಯೂಟರಿನೊಳಗೆ ಓಡುವ ವರ್ಚುವಲ್ ಕಂಪ್ಯೂಟರ್) ಇಟ್ಟುಕೊಂಡೆ, ಒಂದು ಡ್ರೈವರ್ ಓಡುವ ಹೋಸ್ಟ್, ಇನ್ನೊಂದು ಟಾರ್ಗೆಟ್. ಹೋಸ್ಟ್‌ನಲ್ಲಿ ಟೈಮ್‌ಔಟ್ 2 ಸೆಕೆಂಡಿಗೆ ಇಳಿಸಿದೆ. ಟಾರ್ಗೆಟ್‌ನ ಡಿಸ್ಕಿನ ಮೇಲೆ ಡಿಎಂ-ಡಿಲೇ (ಬೇಕೆಂದೇ ತಡ ಮಾಡಿಸುವ ಲಿನಕ್ಸ್ ಸೌಲಭ್ಯ) ಹಾಕಿ ಪ್ರತಿ ಓದಿಗೂ 3000 ಮಿಲಿಸೆಕೆಂಡು ತಡ ಮಾಡಿಸಿದೆ. ಈಗ ಪ್ರತಿ ಉತ್ತರವೂ ತಡ!

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದದ್ದು. ಕೆಸಾನ್ (ಫ್ರೀ ಮಾಡಿದ ಮೆಮೊರಿ ಬಳಸುವಂಥ ತಪ್ಪು ಹಿಡಿಯುವ ಕರ್ನಲ್ ಸಾಧನ) ಆನ್ ಮಾಡಿದ್ದೇನೆ, ಏನಿದ್ದರೂ ಹಿಡಿಯುತ್ತದೆ ಅಂದುಕೊಂಡಿದ್ದೆ. ಹಿಡಿಯಲಿಲ್ಲ. ಬ್ಲಾಕ್ ಲೇಯರ್ (ಡಿಸ್ಕ್ ಕೋರಿಕೆ ನೋಡಿಕೊಳ್ಳುವ ಕರ್ನಲ್ ಪದರ) ರಿಕ್ವೆಸ್ಟ್‌ಗಳನ್ನು ಮೊದಲೇ ಒಟ್ಟಿಗೆ ಅಲೊಕೇಟ್ ಮಾಡಿಟ್ಟು ತಿರುಗಿ ತಿರುಗಿ ಬಳಸುತ್ತದೆ. ನಡುವೆ ಫ್ರೀ ಆಗುವುದೇ ಇಲ್ಲ, ಕೆಸಾನ್ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಪ್ಪು ಸಿಕ್ಕಿದ್ದು ಫಿಯೋದಲ್ಲಿ (ಡಿಸ್ಕ್ ಪರೀಕ್ಷಿಸುವ ಸಾಧನ) ವೆರಿಫೈ ಆನ್ ಮಾಡಿ, ಬರೆದದ್ದನ್ನು ಓದಿ ಚೆಕ್‌ಸಮ್ ಹೋಲಿಸಿದಾಗ.

ಫಿಕ್ಸಸ್ ಟ್ಯಾಗ್ (ಯಾವ ಹಳೆಯ ಬದಲಾವಣೆಯ ತಪ್ಪು ಸರಿಮಾಡಿದೆ ಅನ್ನುವ ಸಾಲು), ಕಮಿಟ್ ಮೆಸೇಜಿನ ಇಂಗ್ಲಿಷು ಇದೆಲ್ಲ ಆಮೇಲೆ ನೋಡಿಕೊಳ್ಳಬಹುದು.

ಸೀನಿಯರಿಗೆ ಬೇಡ ಅನ್ನುವುದು ಹೇಗೆ ಅಂತಲೂ ಕೇಳಿದ್ದೀರಿ ಅಲ್ವಾ. ಬೇಡ ಅನ್ನಬೇಡಿ. ‘ಸರ್, ಉತ್ತರ ಬರುವ ಮೊದಲೇ ಈ ರಿಕ್ವೆಸ್ಟನ್ನು ಮುಗಿಸಿದ್ದು ಯಾರು? ಉಳಿದ ಡೇಟಾವನ್ನು ಸಾಕೆಟ್‌ನಿಂದ ಓದಿ ತೆಗೆಯುವುದು ಎಲ್ಲಿ?’ ಅಂತ ಎರಡು ಪ್ರಶ್ನೆ ಬರೆಯಿರಿ. ಜೊತೆಗೆ ಫಿಯೋ ಲಾಗ್ ಲಗತ್ತಿಸಿ.